ಆರನೇ ಹಾಳೆಯ ಮಡಿಕೆ

"ಇದು ಒಣಗಿದೆ."

ನೆಲದ ತೇವ ನೋಡಲು ಅಂಟಿಸಿದ್ದ ಆರನೇ ಪ್ಲಾಸ್ಟಿಕ್ ಹಾಳೆಯ ಒಳಮೈಯನ್ನು ಗುತ್ತಿಗೆದಾರ ಪಾಲಿಶ್ ಅಂಗೈಯಿಂದ ಸವರಿ, ಆ ಅಂಗೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ಒಂದು ಹನಿ ಇಲ್ಲ. ಮಿಕ್ಕ ಐದು ಹಾಳೆಗಳೂ ಒಳಗಡೆ ಬೆವೆತು ಮಂಜು ಕಟ್ಟಿದ್ದವು, ಎತ್ತಿದರೆ ನೀರು ತೊಟ್ಟಿಕ್ಕುತ್ತಿತ್ತು. ಇದೊಂದು ಮಾತ್ರ ಈಗಷ್ಟೇ ಅಂಗಡಿಯಿಂದ ತಂದ ಹಾಗಿತ್ತು.

"ಪಂಪಿನ ಗುಂಡಿ ಪಕ್ಕದಲ್ಲೇ ಇದೆ ಕಣೋ," ಎಂದಳು ನೆಲದ ಇಂಜಿನಿಯರ್. "ಇಡೀ ಶೆಡ್ಡಲ್ಲಿ ಜಾಸ್ತಿ ತೇವ ಇರೋ ಅಂಕಣ ಇದೇ."

"ಅದಕ್ಕೆ ನಾನೇನ್ ಮಾಡ್ಲೇ? ಹಾಳೆ ನಿಂದು, ಟೇಪು ನಿಂದು. ನಿನ್ನ ಪರೀಕ್ಷೆ ನೀನೇ ನಂಬಲ್ಲ ಅಂದ್ರೆ ನಾವೆಲ್ಲ ಎಲ್ಲಿಗೆ ಹೋಗೋಣ?"

ಅವಳು ನಕ್ಕಳು. ಅಬ್ಬಾ, ಆ ನಗು! ಎರಡು ಹೆಜ್ಜೆ ಹಿಂದೆ ನಿಂತಿದ್ದ ನಮ್ಮ ಪತ್ತೇದಾರನಿಗೆ ಮೈಯೆಲ್ಲ ಉರಿದುಹೋಯಿತು.

ಉರಿಯದೆ ಇನ್ನೇನು? ಆ ನೆಲದ ಇಂಜಿನಿಯರ್ ಅವನ ಸ್ವಂತ ಹೆಂಡತಿ. ಇಪ್ಪತ್ತೆರಡು ವರ್ಷ ಜೊತೆಗೆ ಬಾಳಿದ ಗಂಡನಿಗೆ ಅವಳು ಇವತ್ತಿಗೂ "ರೀ" ಅನ್ನುತ್ತಾಳೆ. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತಿದ್ದ, ಈಗ ಕಾರ್ಖಾನೆಗಳ ನೆಲಕ್ಕೆ ಕೋಟಿಂಗ್ ಬಳಿದು ಹೊಳೆಸುವ ಈ ಪಾಲಿಶ್‌ಗೆ ಮಾತ್ರ "ಕಣೋ". ಅವನು ತಿರುಗಿ "ಕಣೇ". ನಡುವೆ ಗಂಡ ಅನ್ನಿಸಿಕೊಂಡವನು ನೆಟ್ಟ ಕಂಬದ ಹಾಗೆ ನಿಂತಿರಬೇಕು.

ಎದೆಯುರಿ ಗಂಟಲಿಗೆ ಬಂತು. ಪತ್ತೇದಾರ ಜೇಬಿನಿಂದ ಮಾತ್ರೆಯ ಡಬ್ಬಿ ತೆಗೆದ. ಅದರ ಮುಚ್ಚಳ ಮುರಿದು ವರ್ಷವಾಗಿತ್ತು, ಹೆಂಡತಿ ದಿನಾ ಬೆಳಗ್ಗೆ ಮಾತ್ರೆ ತುಂಬಿ ಟೇಪು ಹಚ್ಚಿ ಕೊಡುತ್ತಿದ್ದಳು. ಪಾಲಿಶ್‌ನ ಮುಖದಿಂದ ಕಣ್ಣು ಕೀಳದೆಯೇ ಟೇಪೆಳೆದು ಒಂದು ಮಾತ್ರೆ ಬಾಯಿಗೆ ಹಾಕಿಕೊಂಡ.

ಔಷಧಿ ಬಾಟ್ಲಿಯ ಮುಚ್ಚಳ ಮಾಡುವ ಈ ಕಾರ್ಖಾನೆಯ ಫೋರ್‌ಮನ್, ಇದೇ ಆರನೇ ಅಂಕಣದಲ್ಲಿ, ಕ್ರೇನಿನ ಏಣಿಯ ಬುಡದಲ್ಲಿ ಹೆಣವಾಗಿ ಸಿಕ್ಕು ಇವತ್ತಿಗೆ ಹನ್ನೆರಡು ದಿನ. ಕುಡಿದು ಜಾರಿ ಬಿದ್ದ ಎಂದು ಪೊಲೀಸರು ಕಡತ ಮುಚ್ಚಿದ್ದರು. ಅವನ ಅಕ್ಕ ಅದನ್ನು ನಂಬದೆ ಪತ್ತೇದಾರನ ಬಾಗಿಲು ತಟ್ಟಿದ್ದಳು.

"ಸರಿ, ಒಣಗಿದೆ ಅಂತಲೇ ಬರ್ಕೋತೀನಿ," ಎಂದಳು ಹೆಂಡತಿ. ಪುಸ್ತಕ ತೆಗೆದು ಬರೆದೂಬಿಟ್ಟಳು.

ಪತ್ತೇದಾರ ಬೆಚ್ಚಿಬಿದ್ದ. ಹಾಲಿನ ಪಾತ್ರೆಯಲ್ಲಿ ಒಂದು ಎಳೆ ಕೂದಲು ಕಂಡರೆ ಇಡೀ ಪಾತ್ರೆ ಚೆಲ್ಲುವ ಹೆಂಗಸು ಇವಳು. ಒಂದು ಹಾಳೆ ತಾಳೆಯಾಗದಿದ್ದರೆ ಆರನ್ನೂ ಕಿತ್ತೆಸೆದು ಮತ್ತೆ ಅಂಟಿಸುವವಳು. ಇವತ್ತು ಆ ಪಾಲಿಶ್ ಒಂದು ಮಾತು ಅಂದ, ಇವಳು ಹೂಂ ಅಂದಳು. ಎಷ್ಟು ಸಲೀಸು!

ಇಬ್ಬರೂ ಮಾತಾಡಿಕೊಂಡು ಆ ಕಡೆ ಹೋದ ಮೇಲೆ ಪತ್ತೇದಾರ ಆರನೇ ಹಾಳೆಯ ಪಕ್ಕ ಕುಕ್ಕರಗಾಲಲ್ಲಿ ಕೂತ. ಬೆಳ್ಳಿ ಬಣ್ಣದ ಅಗಲ ಟೇಪು ನೆಲಕ್ಕೆ ಅರ್ಧ ಅಂಟಿಕೊಂಡು ಇನ್ನರ್ಧ ಸುರುಳಿ ಸುತ್ತಿಕೊಂಡಿತ್ತು. ಅದನ್ನು ನಿಧಾನಕ್ಕೆ ಬಿಡಿಸಿ ಬೆಳಕಿಗೆ ಹಿಡಿದ.

ಟೇಪಿನ ತುದಿ ಒಳಕ್ಕೆ ಮಡಿಸಿತ್ತು.

ಎದ್ದು ಹೋಗಿ ಐದನೆಯದರ ಟೇಪು ನೋಡಿದ. ತುದಿ ಚಪ್ಪಟೆ, ಒತ್ತಿ ಅಂಟಿಸಿದ್ದು. ನಾಲ್ಕು, ಮೂರು, ಎರಡು, ಒಂದು, ಎಲ್ಲವೂ ಹಾಗೇ. ಮಡಿಕೆ ಇದ್ದದ್ದು ಆರನೆಯದಕ್ಕೆ ಮಾತ್ರ.

ಅವನಿಗೆ ನಿನ್ನೆ ಬೆಳಗಿನ ಹತ್ತು ಗಂಟೆ ನೆನಪಾಯಿತು. ಮರೆಯುವುದುಂಟೇ! ಹೆಂಡತಿ ಹಾಳೆ ಅಂಟಿಸುತ್ತಿದ್ದಳು. ಪಾಲಿಶ್ ಸಹಾಯಕ್ಕೆ ಬಂದವನು ಟೇಪು ಹರಿದು, ತುದಿ ಮಡಿಸಿ ಕೊಟ್ಟ. ಅವಳು ಅವನ ಕೈ ಮೇಲೆ ಪಟ್ಟನೆ ಹೊಡೆದಳು. "ಮಡಿಸಬೇಡ್ವೋ! ಸಂದೀಲಿ ಗಾಳಿ ಆಡುತ್ತೆ, ತೇವ ಎಲ್ಲ ಆರಿಹೋಗುತ್ತೆ, ಪರೀಕ್ಷೆ ಸುಳ್ಳಾಗುತ್ತೆ."

"ಕೈ ಅಭ್ಯಾಸ ಕಣೇ. ನಮ್ಮ ಕೆಲಸದಲ್ಲಿ ಮಡಿಸದೆ ಇದ್ರೆ ಆಮೇಲೆ ಕೀಳೋಕೇ ಬರಲ್ಲ."

ಆ ಏಟು ಬಿದ್ದದ್ದು ಪಾಲಿಶ್‌ನ ಮಣಿಕಟ್ಟಿಗೆ. ಪತ್ತೇದಾರನ ಕಣ್ಣು ಇದ್ದದ್ದು ಹೆಂಡತಿಯ ಬೆರಳುಗಳ ಮೇಲೆ. ಅವು ಹೊಡೆದು ಹಿಂದಕ್ಕೆ ಬರಲು ಎಷ್ಟು ಹೊತ್ತು ಹಿಡಿದವು ಎಂದು ಅವನು ಲೆಕ್ಕ ಹಾಕುತ್ತಿದ್ದ.

ಈಗ ಮಡಿಕೆಯನ್ನು ನೋಡಿ ಅವನ ಮೀಸೆಯಡಿ ನಗು ಮೂಡಿತು. ಸಿಕ್ಕಿಬಿದ್ದೆಯಲ್ಲ ಮಗನೇ, ಎಂದುಕೊಂಡ. ಟೇಪನ್ನು ಕಾಗದದಲ್ಲಿ ಸುತ್ತಿ ಎಡಜೇಬಿಗೆ ಇಳಿಸಿದ. ಇಷ್ಟು ದಿನದಲ್ಲಿ ಮೊದಲ ಸಲ ಅವನಿಗೆ ಹಾಯೆನಿಸಿತು.

*

ಕಾರ್ಖಾನೆಯ ಯಜಮಾನಿ ತನ್ನ ಕೋಣೆಯಲ್ಲಿ ಕಿಟಕಿಯ ಚೌಕಟ್ಟಿನ ಮೇಲೆ ಬೆರಳೆಳೆದು ತೋರಿಸಿದಳು. ಬೆರಳ ತುದಿ ಬೂದಿ ಬಣ್ಣವಾಗಿತ್ತು.

"ನೋಡಿ. ಬೆಳಗ್ಗೆ ಒರೆಸಿದ್ದು. ಬರೀ ಕಾಂಕ್ರೀಟ್ ನೆಲ, ಲಾರಿ ಓಡಾಡಿದ ಹಾಗೆಲ್ಲ ಪುಡಿ ಬಿಡುತ್ತೆ. ನಾವು ಮಾಡೋದು ಔಷಧಿ ಬಾಟ್ಲಿ ಮುಚ್ಚಳ. ಮುಚ್ಚಳದೊಳಗೆ ಈ ಪುಡಿ ಕಂಡ್ರೆ ಯಾರು ತಗೋತಾರೆ? ನಾನು ನೆಲಕ್ಕೆ ಕೋಟಿಂಗ್ ಹಾಕಿಸಲೇಬೇಕು."

"ಕೆಳಗಿಂದ ತೇವ ಬರ್ತಾ ಇದ್ರೆ ಕೋಟಿಂಗ್ ಗುಳ್ಳೆ ಏಳುತ್ತಂತಲ್ಲ ಮೇಡಂ?"

"ಅದನ್ನ ಹೇಳೋಕೇ ನಿಮ್ಮ ಮನೆಯವ್ರನ್ನ ಕರೆಸಿದ್ದು. ಸಂಜೆ ಐದಕ್ಕೆ ವರದಿ ಕೊಡ್ತಾರೆ. ಅವರು ಹೂಂ ಅಂದ್ರೆ ನಾಳೆ ಬೆಳಗ್ಗೇನೇ ಉಜ್ಜೋ ಮಿಷನ್ ಇಳಿಯುತ್ತೆ. ನೆಲದ ಮೇಲ್ಪದರ ಪೂರ್ತಿ ಕೆರೆದು ತೆಗೆದು, ಅದರ ಮೇಲೆ ಬಳೀತಾರೆ." ಯಜಮಾನಿ ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡಳು. "ನಿಮ್ಮ ತನಿಖೆ ಮುಗಿದಿಲ್ಲ ಅನ್ನೋದು ಗೊತ್ತು. ಆ ಜಾಗದಲ್ಲಿ ಇನ್ನೂ ನೋಡೋದು ಏನಾದ್ರೂ ಇದ್ರೆ ಐದರ ಒಳಗೆ ಹೇಳಿಬಿಡಿ. ಆಮೇಲೆ ಅಲ್ಲಿ ಏನೂ ಉಳಿಯಲ್ಲ."

ಗಡಿಯಾರದಲ್ಲಿ ಹನ್ನೊಂದೂ ಕಾಲು.

"ಫೋರ್‌ಮನ್ ಕೋಟಿಂಗ್ ಬೇಡ ಅಂತಿದ್ದ ಅಲ್ವಾ?"

"ಬೇಡವೇ ಬೇಡ ಅಂತ ಹಟ. ಎರಡು ವರ್ಷದ ಹಿಂದೆ ಈ ನೆಲ ಹಾಕುವಾಗ ಕಾಂಕ್ರೀಟ್ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಸಬೇಕಿತ್ತಂತೆ, ಮಣ್ಣಿನ ತೇವ ಮೇಲೆ ಬರದ ಹಾಗೆ. ಹಾಸಿಲ್ಲ ಅಂತ ಅವನ ವಾದ. ಹಾಸಿದೆ ಅಂತ ಸಹಿ ಹಾಕಿ ಯಾರೋ ಪ್ರಮಾಣಪತ್ರ ಕೊಟ್ಟಿದಾರೆ. 'ಸಹಿ ಹಾಕಿದವರನ್ನೇ ಕರೆದು ಅವರ ಕಣ್ಣಾರೆ ತೋರಿಸ್ತೀನಿ' ಅಂದಿದ್ದ. ಮಾರನೇ ದಿನ ಬೆಳಗ್ಗೆ ನೋಡಿದ್ರೆ ಹೀಗಾಗಿತ್ತು."

"ಆ ಪ್ರಮಾಣಪತ್ರ?"

"ಕಡತದಲ್ಲಿ ಆ ಹಾಳೇನೇ ಇಲ್ಲ. ಆಗ ಎಲ್ಲಾ ನೋಡ್ಕೋತಿದ್ದಿದ್ದು ಫೋರ್‌ಮನ್ನೇ."

"ಹಾಸೋ ಪ್ಲಾಸ್ಟಿಕ್ ತಂದುಕೊಟ್ಟಿದ್ದು ಯಾರು?"

"ಪಾಲಿಶ್."

ಪತ್ತೇದಾರ ತಲೆ ತಗ್ಗಿಸಿ ಟಿಪ್ಪಣಿ ಬರೆದುಕೊಂಡ. ತಲೆ ತಗ್ಗಿಸಿದ್ದು ಮುಖದ ಮೇಲಿನ ಸಂತೋಷ ಕಾಣಬಾರದು ಎಂದು. ತಂದ ಪ್ಲಾಸ್ಟಿಕ್ಕನ್ನು ಹಾಸದೆ ನುಂಗಿದವನು ಪಾಲಿಶ್. ಫೋರ್‌ಮನ್‌ಗೆ ಗೊತ್ತಾಯಿತು. ಫೋರ್‌ಮನ್ ಏಣಿಯಿಂದ ಬಿದ್ದ. ಈಗ ಮೇಲೊಂದು ಪದರ ಬಳಿದುಬಿಟ್ಟರೆ ಎಲ್ಲ ಮುಚ್ಚಿಹೋಯಿತು. ಇದಕ್ಕಿಂತ ನೇರವಾದ ಕೇಸು ಅವನ ಜನ್ಮದಲ್ಲಿ ಸಿಕ್ಕಿರಲಿಲ್ಲ.

"ನಿನ್ನೆ ನೀವು ಮೊಬೈಲಲ್ಲಿ ಹಾಳೆಗಳ ಫೋಟೋ ತೆಗೀತಿದ್ರಿ ಅಲ್ವಾ ಮೇಡಂ? ಒಂದ್ಸಲ ಕೊಡ್ತೀರಾ?"

ಆರನೇ ಹಾಳೆಯ ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿದ. ಪಾರದರ್ಶಕ ಪ್ಲಾಸ್ಟಿಕ್ಕಿನ ಕೆಳಗೆ, ಒಂದು ಮೂಲೆಯಲ್ಲಿ, ಹೆಬ್ಬೆರಳಷ್ಟು ಅಗಲದ ಕಪ್ಪು ಚುಕ್ಕೆ.

"ಇದೇನಿದು?"

ಯಜಮಾನಿ ಬಗ್ಗಿ ನೋಡಿದಳು. ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು. "ಎಣ್ಣೆ ಕಲೆ ಇರಬೇಕು," ಎಂದು ಮೊಬೈಲ್ ವಾಪಸ್ ತೆಗೆದುಕೊಂಡಳು.

ಪತ್ತೇದಾರ ಮತ್ತೆ ಆರನೇ ಅಂಕಣಕ್ಕೆ ಓಡಿದ. ಆ ಮೂಲೆಯಲ್ಲಿ ಕಪ್ಪು ಚುಕ್ಕೆ ಇರಲಿಲ್ಲ. ಅದಿದ್ದ ಕಡೆ ದುಂಡನೆಯ ಗುರುತೊಂದಿತ್ತು, ಸುತ್ತಲಿನ ನೆಲಕ್ಕಿಂತ ಒಂದು ಛಾಯೆ ಬಿಳುಪು. ಮನೆ ಬೀಗದ ಕೈಯಿಂದ ಕೆರೆದ. ಸಿಮೆಂಟು ಇನ್ನೂ ಮೆತ್ತಗಿತ್ತು.

ಅದು ಎಣ್ಣೆ ಕಲೆಯಲ್ಲ, ತೂತು. ಕೆಳಗೆ ಪ್ಲಾಸ್ಟಿಕ್ ಇದೆಯೋ ಇಲ್ಲವೋ ತೋರಿಸಲು ಫೋರ್‌ಮನ್ ಮಣ್ಣು ಸಿಗುವವರೆಗೆ ಕೊರೆದಿದ್ದ ತೂತು. ನಿನ್ನೆ ಬೆಳಗ್ಗೆ ಇತ್ತು, ಇವತ್ತು ಬೆಳಗ್ಗೆ ಇಲ್ಲ. ನಡುವೆ ಯಾರೋ ಹಾಳೆ ಎತ್ತಿ, ತೂತು ಮುಚ್ಚಿ, ಹೊಸ ಟೇಪು ಹಚ್ಚಿ, ಕೈ ಅಭ್ಯಾಸಕ್ಕೆ ತುದಿ ಮಡಿಸಿದ್ದಾರೆ. ಆ ಸಂದಿಯಲ್ಲಿ ಗಾಳಿ ಆಡಿ ಹಾಳೆ ಒಣಗಿದೆ.

ಹಾಗಾದರೆ ನಿನ್ನೆ ಅಂಟಿಸುವಾಗ ಇಷ್ಟು ದೊಡ್ಡ ತೂತು ತನ್ನ ಕಣ್ಣಿಗೆ ಯಾಕೆ ಬೀಳಲಿಲ್ಲ? ಈ ಪ್ರಶ್ನೆ ಬಂದದ್ದೇನೋ ಹೌದು. ಉತ್ತರವೂ ಗೊತ್ತಿತ್ತು. ಅದಕ್ಕೇ ಅವನು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

*

ಗೇಟಿನ ಪಕ್ಕದ ಕಲ್ಲುಬೆಂಚಿನಲ್ಲಿ ಫೋರ್‌ಮನ್‌ನ ಅಕ್ಕ ಕೂತಿದ್ದಳು. ದಿನಾ ಬೆಳಗ್ಗೆ ಬಂದು, ಸಂಜೆ ಸೈರನ್ ಆಗುವವರೆಗೆ ಕೂತು ಹೋಗುತ್ತಿದ್ದಳು. ತೊಡೆಯ ಮೇಲೆ ತಮ್ಮನ ಕನ್ನಡಕದ ಪೆಟ್ಟಿಗೆ.

"ಏನಾದ್ರೂ ಗೊತ್ತಾಯ್ತಾ ಅಣ್ಣಾ?"

"ಆಗ್ತಾ ಇದೆ ಅಕ್ಕ."

"ಒಳಗೆ ಹೋಗೋರು ಬರೋರೆಲ್ಲ ನನ್ನ ನೋಡಿ ಮಾತಾಡ್ಕೋತಾರೆ, ಕುಡಿದು ಬಿದ್ದೋನ ಅಕ್ಕ ಅಂತ. ಅವನು ಕುಡೀತಿರಲಿಲ್ಲ. ಇಪ್ಪತ್ತಾರು ವರ್ಷ ಆ ಏಣಿ ಹತ್ತಿ ಇಳಿದಿದಾನೆ." ಅವಳ ದನಿ ಒಡೆಯಿತು. "ಹೋದೋನು ಬರಲ್ಲ, ಗೊತ್ತು. ಆ ಮಾತೊಂದು ಅಳಿಸಿಹೋದ್ರೆ ಸಾಕು ನಂಗೆ."

ಪತ್ತೇದಾರ ಅವಳ ಪಕ್ಕ ಕೂತ. "ಇವತ್ತು ಸಂಜೆ ಐದಕ್ಕೆ ಹೇಳ್ತೀನಿ. ಯಾರೇ ಆಗಿರಲಿ, ಎಷ್ಟೇ ದೊಡ್ಡೋರಾಗಿರಲಿ, ನಾನು ಬಿಡಲ್ಲ. ನನ್ನ ಮಾತು."

ಅವಳು ಅವನ ಎರಡೂ ಕೈ ಹಿಡಿದುಕೊಂಡಳು. ಅವನು ಆ ಮಾತನ್ನು ಮನಸ್ಸಾರೆ ಆಡಿದ್ದ. ಕಣ್ಣ ಮುಂದೆ ಮಾತ್ರ ಪಾಲಿಶ್ ಕೈಗೆ ಕೋಳ ಹಾಕಿಸಿಕೊಂಡು ನಿಂತಿದ್ದ, ಅದನ್ನು ತನ್ನ ಹೆಂಡತಿ ನೋಡುತ್ತಿದ್ದಳು.

ಅಲ್ಲಿಂದೆದ್ದು ವಾಚ್‌ಮನ್ ಹತ್ತಿರ ಹೋದ. "ನಿನ್ನೆ ಸಂಜೆ ಕೆಲಸ ಬಿಟ್ಟ ಮೇಲೆ ಪಾಲಿಶ್ ಒಳಗೆ ಬಂದಿದ್ನಾ?"

"ಇಲ್ಲ ಸಾರ್. ಆರೂ ಕಾಲು ಗಂಟೆ ಹೊತ್ತಿಗೆ ಅವರ ಕಾರು ಬಂದು ಹೊರಗೆ ನಿಂತಿತ್ತು. ಅವರು ಇಳೀಲೇ ಇಲ್ಲ. ನಿಮ್ಮ ಮನೆಯವ್ರು—"

"ಅದು ಗೊತ್ತು!" ಎಂದು ಪತ್ತೇದಾರ ಸಿಡಿದ.

ಗೊತ್ತಿಲ್ಲದೆ ಏನು? ನಿನ್ನೆ ಸಂಜೆ ಐದೂವರೆಗೆ ಹೆಂಡತಿ, "ಟೇಪಿನ ಸುರುಳಿ ಕಾರ್ಖಾನೇಲೇ ಮರೆತು ಬಂದೆ ರೀ, ಹೋಗಿ ತರ್ತೀನಿ" ಎಂದು ಹೊರಟವಳು ಏಳು ಗಂಟೆಗೆ ಮನೆ ಮುಂದೆ ಪಾಲಿಶ್‌ನ ಕಾರಿನಿಂದ ಇಳಿದಿದ್ದಳು. ಕಿಟಕಿಯಿಂದ ನೋಡಿದ್ದ. ಕಾರಿನ ಬಾಗಿಲು ಹಾಕಿದ ಮೇಲೂ ಬಗ್ಗಿ ಒಂದು ನಿಮಿಷ ಮಾತಾಡಿದ್ದಳು. ಅದೇ ಮಾತನ್ನು ಈಗ ಈ ವಾಚ್‌ಮನ್ ಬಾಯಿಂದ ಬೇರೆ ಕೇಳಬೇಕೇ!

ದಾಖಲೆ ಪುಸ್ತಕವನ್ನು ಅವನು ತೆರೆಯಲೇ ಇಲ್ಲ. ಹಿಂದುಗಡೆ ಗುಜರಿ ರಾಶಿಯ ಹತ್ತಿರ ಗೋಡೆ ಒಡೆದಿದೆ, ಪಾಲಿಶ್ ಅಲ್ಲಿಂದ ನುಸುಳಿದ್ದಾನೆ ಎಂದು ತೀರ್ಮಾನಿಸಿಬಿಟ್ಟ. ಕಾರಿನಲ್ಲಿ ಇವಳನ್ನು ಕೂರಿಸಿ, ಐದು ನಿಮಿಷ ಬಂದೆ ಅಂದಿರಬೇಕು. ಇವಳೂ ಪಾಪ, ನಂಬಿ ಕೂತಿರಬೇಕು.

*

ಪಾಲಿಶ್ ಬಣ್ಣ ಕಲೆಸುವ ಕೊಟ್ಟಿಗೆಯಲ್ಲಿದ್ದ. ಬೂದು, ಹಸಿರು, ಇಟ್ಟಿಗೆ ಕೆಂಪು ಬಣ್ಣದ ಮಾದರಿ ಹಲಗೆಗಳು ಗೋಡೆಗೆ ಒರಗಿದ್ದವು. ಮೊಣಕೈವರೆಗೆ ಬರುವ ದಪ್ಪ ರಬ್ಬರ್ ಕೈಗವಸು ಹಾಕಿಕೊಂಡು ಒಂದು ಡಬ್ಬ ತಿರುವುತ್ತಿದ್ದ. ಐವತ್ತು ದಾಟಿದ್ದರೂ ತಲೆಯಲ್ಲಿ ಒಂದು ಬಿಳಿ ಕೂದಲಿಲ್ಲ, ಹೊಟ್ಟೆ ಇಲ್ಲ. ಪತ್ತೇದಾರ ತನಗರಿವಿಲ್ಲದೆಯೇ ಹೊಟ್ಟೆಯನ್ನು ಒಳಗೆಳೆದುಕೊಂಡ.

"ಬನ್ನಿ ಸಾರ್. ಕುರ್ಚಿ ಅಂಟುತ್ತೆ, ನಿಂತೇ ಮಾತಾಡೋಣ."

"ನಿಂತೇ ಮಾತಾಡೋ ವಿಷಯಾನೇ." ಪತ್ತೇದಾರ ಕೊಟ್ಟಿಗೆಯ ಬಾಗಿಲು ಮುಂದೆ ಮಾಡಿದ. "ಎರಡು ವರ್ಷದ ಹಿಂದೆ ಈ ನೆಲದ ಕೆಳಗೆ ಹಾಸೋ ಪ್ಲಾಸ್ಟಿಕ್ ತಂದಿದ್ದು ನೀನು."

"ಹೌದು. ಹನ್ನೆರಡು ಸುರುಳಿ."

"ಹಾಸಿದ್ದು?"

"ತಂದು ಇಳಿಸಿದ್ದು ನಾನು. ಹಾಸಿದ್ದು ನೆಲ ಹಾಕಿದೋರು. ಹಾಸಿದ್ರೋ ಬಿಟ್ರೋ, ನಾನು ನೋಡೋಕೆ ಬಂದಿಲ್ಲ."

"ಫೋರ್‌ಮನ್ ತೂತು ಕೊರೆದಿದ್ದು ಗೊತ್ತಾ?"

ತಿರುವುತ್ತಿದ್ದ ಕೋಲು ನಿಂತಿತು. "ಯಾವ ತೂತು?"

"ನಿನ್ನೆ ಸಂಜೆ ನೀನು ಮುಚ್ಚಿದ ತೂತು."

"ನಾನು ನಿನ್ನೆ ಸಂಜೆ ಕಾರಿಂದ ಕೆಳಗೇ ಇಳಿದಿಲ್ಲ ಸಾರ್."

"ಸುಳ್ಳು ಹೇಳಬೇಡ!" ಪತ್ತೇದಾರನ ದನಿ ಏರಿತು. ಏರಿದ್ದು ಅವನಿಗೇ ಕೇಳಿಸಿತು, ಇಳಿಸಲು ಮನಸ್ಸಾಗಲಿಲ್ಲ. "ಕಂಡವರ ಹೆಂಡತೀನ ಕಾರಲ್ಲಿ ಕೂರಿಸ್ಕೊಂಡು ಊರೆಲ್ಲ ತಿರುಗೋಕೆ ಟೈಮಿದೆ, ಐದು ನಿಮಿಷ ಹಿಂದಿನ ಗೋಡೆ ಹಾರೋಕೆ ಟೈಮಿಲ್ವಾ?"

ಪಾಲಿಶ್ ಅವನನ್ನೇ ನೋಡಿ, ನಿಧಾನಕ್ಕೆ ತಲೆಯಾಡಿಸಿದ.

"ಓಹೋ. ಅದಾ ವಿಷಯ."

"ಯಾವುದು?"

"ನೀವು ವಿಚಾರಿಸೋಕೆ ಬಂದಿರೋದು ಫೋರ್‌ಮನ್ ಸಾವಿನ ಬಗ್ಗೆ ಅಲ್ಲ ಸಾರ್."

ಪತ್ತೇದಾರನ ಕಿವಿ ಬಿಸಿಯಾಯಿತು. ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿ, ಟೇಪನ್ನು ಡಬ್ಬದ ಮುಚ್ಚಳದ ಮೇಲಿಟ್ಟ. "ಇದಕ್ಕೇನಂತೀಯಾ? ಆರನೇ ಹಾಳೆಗೆ ಹಚ್ಚಿದ್ದು. ತುದಿ ಮಡಿಸಿದೆ. ಹಾಗೆ ಮಡಿಸೋದು ನಿಮ್ಮ ಕಸುಬಿನೋರ ಅಭ್ಯಾಸ. ನೀನೇ ಹೇಳಿದ್ದು, ನಿನ್ನೆ, ಎಲ್ಲರ ಮುಂದೆ."

ಪಾಲಿಶ್ ಬಗ್ಗಿ ನೋಡಿದ. ಮುಟ್ಟಲಿಲ್ಲ. ಮೊದಲು ಹುಬ್ಬು ಗಂಟಿಕ್ಕಿತು, ಆಮೇಲೆ ಸಡಿಲವಾಯಿತು.

"ಒಂದು ಟೇಪು ಹರೀತೀನಿ, ನೋಡ್ತೀರಾ?"

ಉತ್ತರಕ್ಕೆ ಕಾಯದೆ ಗೂಟಕ್ಕೆ ನೇತುಹಾಕಿದ್ದ ಸುರುಳಿಯಿಂದ ಒಂದು ಗೇಣು ಟೇಪು ಹರಿದು, ತುದಿಯನ್ನು ಮಡಿಸಿ ಗೋಡೆಗೆ ಅಂಟಿಸಿದ. ಮಡಿಕೆ ಎರಡು ಬೆರಳು ಅಗಲ, ನೇರ, ಅಡ್ಡಕ್ಕೆ.

"ಈ ಕೈಗವಸು ನೋಡಿ. ಇದನ್ನ ಹಾಕ್ಕೊಂಡು ಕೀಳಬೇಕಾದ್ರೆ ಇಷ್ಟು ದೊಡ್ಡ ಹಿಡಿ ಬೇಕು. ನಮ್ಮೋರು ಯಾರೇ ಮಡಿಸಲಿ, ಇಷ್ಟೇ ಮಡಿಸೋದು." ಅವನು ಕೈಗವಸಿನ ದಪ್ಪ ಬೆರಳಿನಿಂದ ಪತ್ತೇದಾರನ ಟೇಪನ್ನು ತೋರಿಸಿದ. "ಇದು ಹಂಗಿಲ್ಲ. ಒಂದು ಮೂಲೇನ ಮಾತ್ರ ತ್ರಿಕೋನ ಮಡಿಸಿದಾರೆ. ಉಗುರಿನಷ್ಟಿದೆ. ನನ್ನ ಕೈಗೆ ಇದು ಸಿಗೋದೇ ಇಲ್ಲ, ಬೇಕಾದ್ರೆ ನೀವೇ ಈ ಗವಸು ಹಾಕ್ಕೊಂಡು ನೋಡಿ."

ಪತ್ತೇದಾರ ಗವಸು ಹಾಕಿಕೊಂಡ. ಮೂರು ಸಲ ಯತ್ನಿಸಿದ. ಸಿಗಲಿಲ್ಲ.

"ಇದು ಬರಿಗೈನೋರು ಮಡಿಸಿದ್ದು ಸಾರ್. ಮನೇಲಿ ಡಬ್ಬಿ ಗಿಬ್ಬಿ ಅಂಟಿಸೋರ ಕೈ."

"ನೀನು ಗವಸು ಬಿಚ್ಚಿ ಮಡಿಸಿರಬಹುದು."

"ಆಗಲಿ, ಹಾಗೇ ಅಂದ್ಕೊಳ್ಳಿ." ಪಾಲಿಶ್ ಮತ್ತೆ ಕೋಲು ಹಿಡಿದ. "ನಿನ್ನೆ ಅವಳು ಫೋನ್ ಮಾಡಿ, ಆಟೋ ಸಿಕ್ತಿಲ್ಲ, ಮನೆ ತನಕ ಬಿಡ್ತೀಯಾ ಅಂದಳು. ಬಂದೆ. ಗೇಟಲ್ಲಿ ಅರ್ಧ ಗಂಟೆ ಕಾಯಿಸಿದಳು. ಬಂದು ಕೂತ ಮೇಲೆ ದಾರಿಯುದ್ದಕ್ಕೂ ನಾಲ್ಕು ಮಾತಾಡಿದ್ರೆ ಹೆಚ್ಚು. ಕೈಯೆಲ್ಲ ಸಿಮೆಂಟಾಗಿತ್ತು, ಕರವಸ್ತ್ರದಲ್ಲಿ ಒರೆಸ್ಕೋತಾನೇ ಇದ್ದಳು. ಇಳಿಯುವಾಗ ಒಂದು ಮಾತು ಕೇಳಿದಳು."

"ಏನಂತ?"

"'ನಮ್ಮನೆಯವರಿಗೆ ನಿನ್ನ ಕಂಡ್ರೆ ಯಾಕೋ ಆಗಲ್ಲ ಅಲ್ವೇನೋ' ಅಂತ."

ಪತ್ತೇದಾರ ಟೇಪನ್ನು ಎತ್ತಿಕೊಂಡು ಹೊರಗೆ ಬಂದ. ಬಿಸಿಲು ಕಣ್ಣಿಗೆ ಹೊಡೆಯಿತು. ಕೈಯೆಲ್ಲ ಸಿಮೆಂಟು ಅಂದನಲ್ಲ? ಯಾಕೆ ಸಿಮೆಂಟು? ಸುಳ್ಳು ಬೊಗಳುತ್ತಿದ್ದಾನೆ. ತನ್ನ ತಪ್ಪನ್ನು ಅವಳ ತಲೆಗೆ ಕಟ್ಟುತ್ತಿದ್ದಾನೆ. ಎಂಥ ನೀಚ!

ಎದೆಯುರಿ ಮತ್ತೆ ಕಿತ್ತುಕೊಂಡು ಬಂತು. ಬಲಜೇಬಿನಿಂದ ಮಾತ್ರೆಯ ಡಬ್ಬಿ ತೆಗೆದ. ಎಂದಿನಂತೆ ನೋಡದೆಯೇ ಹೆಬ್ಬೆರಳಿನ ಉಗುರಿಗೆ ಟೇಪಿನ ಮೂಲೆ ಸಿಕ್ಕಿತು, ಎಂದಿನಂತೆ ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು.

ಅವನ ಕೈ ಅಲ್ಲೇ ನಿಂತುಬಿಟ್ಟಿತು.

ತ್ರಿಕೋನ. ಉಗುರಿನಷ್ಟು. ಒಂದೇ ಮೂಲೆ.

ಮದುವೆಯಾದ ಮೊದಲ ವಾರ. ಉಡುಗೊರೆಯ ಪೆಟ್ಟಿಗೆ ಬಿಚ್ಚಲು ಕೂತವನು ಟೇಪಿನ ತುದಿ ಸಿಗದೆ ಕೆರೆದು ಕೆರೆದು, ಸಿಟ್ಟಿಗೆದ್ದು ಪೆಟ್ಟಿಗೆಯನ್ನೇ ಒದ್ದಿದ್ದ. ಒಳಗಿದ್ದ ಗಾಜಿನ ಹೂಜಿ ಒಡೆದಿತ್ತು. ಅವಳು ಬೈಯಲಿಲ್ಲ, ಬಿದ್ದು ಬಿದ್ದು ನಕ್ಕಿದ್ದಳು. ಮಾರನೇ ದಿನದಿಂದ ಆ ಮನೆಯಲ್ಲಿ ಅವಳು ಅಂಟಿಸಿದ ಪ್ರತಿ ಟೇಪಿಗೂ ಒಂದು ಮೂಲೆ ಮಡಿಸಿರುತ್ತಿತ್ತು. ಇವನಿಗೆಂದೇ. ಸಾಂಬಾರ ಪುಡಿಯ ಪೊಟ್ಟಣಕ್ಕೆ, ಔಷಧಿ ಡಬ್ಬಿಗೆ, ಊರಿಗೆ ಹೊರಟಾಗ ಕಟ್ಟಿಕೊಡುವ ಗಂಟಿಗೆ. ಇಪ್ಪತ್ತೆರಡು ವರ್ಷ ದಿನಾ ಬೆರಳಿಗೆ ಸಿಕ್ಕಿದ್ದನ್ನು ಇವತ್ತು ಬೆಳಗ್ಗೆ ಕೈಯಲ್ಲೇ ಹಿಡಿದು ನೋಡಿದ್ದ. ಪಾಲಿಶ್‌ನ ಮುಖ ಬಿಟ್ಟು ಬೇರೇನೂ ಕಾಣಲಿಲ್ಲ.

ಗೇಟಿಗೆ ಓಡಿ ದಾಖಲೆ ಪುಸ್ತಕ ಕಿತ್ತುಕೊಂಡು ತೆರೆದ. ನಿನ್ನೆ ಸಂಜೆ ಆರೂ ಹತ್ತಕ್ಕೆ ಒಳಗೆ, ಆರೂ ನಲವತ್ತಕ್ಕೆ ಹೊರಗೆ. ಎದುರಿಗೆ ಹೆಂಡತಿಯ ದುಂಡಗಿನ ಸಹಿ. ಆ ಪುಟದಲ್ಲಿ ಬೇರೆ ಯಾರ ಹೆಸರೂ ಇರಲಿಲ್ಲ.

"ಅದನ್ನೇ ಹೇಳೋಕೆ ಬಂದೆ ಸಾರ್," ಎಂದ ವಾಚ್‌ಮನ್. "ನೀವು ಬಿಡಲಿಲ್ಲ."

ಕಲ್ಲುಬೆಂಚಿನಿಂದ ಫೋರ್‌ಮನ್‌ನ ಅಕ್ಕ ತಲೆಯೆತ್ತಿ ನೋಡುತ್ತಿದ್ದಳು. ಅವನು ಅವಳ ಕಡೆ ತಿರುಗದೆ ಶೆಡ್ಡಿನೊಳಗೆ ನಡೆದ. ಯಾರೇ ಆಗಿರಲಿ ಬಿಡಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದ.

*

ಐದಕ್ಕೆ ಹತ್ತು ನಿಮಿಷ ಇರುವಾಗ ಯಜಮಾನಿಯ ಕೋಣೆಗೆ ಕರೆ ಬಂತು.

ಹೆಂಡತಿ ಮೇಜಿನ ಎದುರು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಮುಂದೆ ಮೂರು ಪುಟದ ವರದಿ. ಯಜಮಾನಿ ಕೊನೆಯ ಪುಟ ಮುಗಿಸಿ ಪತ್ತೇದಾರನ ಕಡೆಗೆ ಜರುಗಿಸಿದಳು.

"ಒಳ್ಳೇ ಸುದ್ದಿ. ತೇವ ಇದೆ, ಆದರೆ ಹೆದರೋಷ್ಟಿಲ್ಲ, ಆರನೇ ಅಂಕಣದಿಂದ ಕೋಟಿಂಗ್ ಶುರು ಮಾಡಬಹುದು ಅಂತ ಬರೆದಿದಾರೆ."

ಪತ್ತೇದಾರ ವರದಿ ಓದಲಿಲ್ಲ. ಹೆಂಡತಿಯ ಕೈ ನೋಡಿದ. ಬಲಗೈಯ ತೋರುಬೆರಳಿನ ಉಗುರ ಸಂದಿಯಲ್ಲಿ ಬೂದು ಗೆರೆ. ನಿನ್ನೆಯೂ ಇದ್ದಿರಬೇಕು. ಬೆವರುವ ನೆಲಕ್ಕೆ ಕೋಟಿಂಗ್ ಹಾಕಿ ಎಂದು ಈ ಹೆಂಗಸು ಇಷ್ಟು ವರ್ಷದಲ್ಲಿ ಒಮ್ಮೆಯೂ ಬರೆದಿರಲಿಲ್ಲ.

"ನಿಮ್ಮ ಕಡೆಯಿಂದ ಏನೂ ಅಡ್ಡಿ ಇಲ್ಲ ತಾನೇ?" ಎಂದಳು ಯಜಮಾನಿ. "ಇಲ್ಲ ಅಂದ್ರೆ ನಾಳೆ ಏಳು ಗಂಟೆಗೆ ಮಿಷನ್ ಬರುತ್ತೆ."

ಒಂದು ಮಾತು ಸಾಕಿತ್ತು. ಅಡ್ಡಿ ಇಲ್ಲ ಮೇಡಂ ಎಂದುಬಿಟ್ಟರೆ ನಾಳೆ ಹತ್ತು ಗಂಟೆಯ ಹೊತ್ತಿಗೆ ಆ ದುಂಡಗಿನ ಬಿಳಿ ಗುರುತು ಪುಡಿಯಾಗಿ ಹಾರಿಹೋಗುತ್ತದೆ. ಟೇಪಿನ ತುಂಡನ್ನು ದಾರಿಯಲ್ಲಿ ಎಲ್ಲಾದರೂ ಬಿಸಾಡಬಹುದು. ರಾತ್ರಿ ಊಟಕ್ಕೆ ಕೂತಾಗ ಅವಳು ಎದುರಿಗಿರುತ್ತಾಳೆ. ಗೇಟಿನ ಹತ್ತಿರದ ಆ ಅಕ್ಕ ನಾಳೆಯೂ ಬಂದು ಕೂರುತ್ತಾಳೆ, ನಾಡಿದ್ದೂ ಬರುತ್ತಾಳೆ, ಒಂದು ದಿನ ಬರುವುದನ್ನು ನಿಲ್ಲಿಸುತ್ತಾಳೆ.

ಅವನಿಗೆ ಹೆಂಡತಿ ಬೇಕಿದ್ದಳು. ಪಾಲಿಶ್‌ನ ಒಂದು "ಕಣೇ"ಗೇ ಇಷ್ಟು ಉರಿದುಹೋಗುವಷ್ಟು ಬೇಕಿದ್ದಳು.

"ಬೇಡ," ಎಂದ.

"ಏನು ಬೇಡ?"

"ಕೋಟಿಂಗ್ ಬೇಡ ಮೇಡಂ. ಆರನೇ ಅಂಕಣ ಮುಟ್ಟಬೇಡಿ. ಅಲ್ಲಿ ಫೋರ್‌ಮನ್ ಕೊರೆದ ತೂತಿದೆ. ನಿನ್ನೆ ಸಂಜೆ ಮುಚ್ಚಿದಾರೆ. ಪೊಲೀಸರ ಎದುರಿಗೆ ಬಿಚ್ಚಿಸಬೇಕು."

"ಯಾರು ಮುಚ್ಚಿದ್ದು?"

ಪತ್ತೇದಾರ ಎಡಜೇಬಿನಿಂದ ಆರನೇ ಹಾಳೆಯ ಟೇಪು ತೆಗೆದು ಮೇಜಿನ ಮೇಲಿಟ್ಟ. ಬಲಜೇಬಿನಿಂದ ಮಾತ್ರೆಯ ಡಬ್ಬಿ ತೆಗೆದು ಅದರ ಪಕ್ಕ ಇಟ್ಟ. ಹೆಂಡತಿಯ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ. ಆದರೂ ನೋಡಿದ.

ಅವಳು ಸಿಟ್ಟಾಗಿರಲಿಲ್ಲ, ಹೆದರಿಯೂ ಇರಲಿಲ್ಲ. ಬೆಳಗಿನಿಂದ ಬಿಗಿಹಿಡಿದಿದ್ದ ಉಸಿರನ್ನು ಈಗ ಬಿಟ್ಟಳು, ಬೆನ್ನು ಕುರ್ಚಿಗೆ ಒರಗಿತು. ಕಣ್ಣಲ್ಲಿ ನೀರಿತ್ತು.

"ಮಡಿಸಬಾರದು ಅಂತ ನಿಮ್ಮ ಮುಂದೇನೇ ಅವನಿಗೆ ಹೇಳಿದ್ದೆ," ಎಂದಳು. "ಗೊತ್ತಿದ್ದೂ ಮಡಿಸಿದೆ. ಆ ಪ್ರಮಾಣಪತ್ರದಲ್ಲಿರೋ ಸಹಿ ನಂದು, ಅದನ್ನೇ ತೋರಿಸಿ ತೂತು ಮುಚ್ಚಿಸಿದ್ರು. ಬಾಯಿ ಬಿಟ್ಟು ಹೇಳೋ ಹಾಗಿರಲಿಲ್ಲ. ನೀವೊಬ್ರು ನೋಡಲಿ ಅಂತ ಮಡಿಸಿದೆ. ಬೆಳಗ್ಗೆ ಹತ್ತು ಗಂಟೆಯಿಂದ ಕಾಯ್ತಾ ಇದೀನಿ ರೀ. ನಿಮ್ಮ ಕಣ್ಣಿಗೆ ಅವನೊಬ್ಬ ಬಿಟ್ಟು ಬೇರೆ ಏನೂ ಕಾಣಲೇ ಇಲ್ವಾ?"

ಹೇಳೋ ಹಾಗಿರಲಿಲ್ಲ ಅಂದರೆ? ಯಾರಿಗೆ ಹೆದರಿ? ಅವಳ ನೋಟ ತನ್ನನ್ನು ದಾಟಿ ಹಿಂದಕ್ಕೆ ಹೋದದ್ದು ಆಗ ಅವನ ಗಮನಕ್ಕೆ ಬಂತು. ತಿರುಗಿದ.

ಯಜಮಾನಿ ಯಾವಾಗಲೋ ಕುರ್ಚಿ ಬಿಟ್ಟು ಎದ್ದಿದ್ದಳು. ಕೋಣೆಯ ಬಾಗಿಲು ಮುಚ್ಚಿ, ಒಳಗಿನಿಂದ ಚಿಲಕ ಹಾಕುತ್ತಿದ್ದಳು.